ಓದಿ, ಕೇಳಿ, ಸಂಪೂರ್ಣ ತೃಪ್ತನಾಗಿ

ಬೆಂಗಳೂರಿನಲ್ಲಿ ಜಮೀನಿನ ಕಾಗದಪತ್ರ ಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂದು ಯಾರಾದರೂ ಕೊರಗಿದರೆ ನಂಬಬೇಡಿ. ಸರ್ಜಾಪುರ ರಸ್ತೆಯಲ್ಲೋ ದೇವನಹಳ್ಳಿ ಕಡೆಯಲ್ಲೋ ಇನ್ನೂ ಪಾಯವೇ ತೋಡದ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಫ್ಲ್ಯಾಟು ಬುಕ್ ಮಾಡಿದ ಪ್ರತಿಯೊಬ್ಬರೂ ಈ ವಿದ್ಯೆಯಲ್ಲಿ ಪಾರಂಗತರು. ಇದು ನನ್ನ ಹೊಗಳಿಕೆಯಲ್ಲ, ಅವರೇ ಸಹಿ ಹಾಕಿ ಕೊಟ್ಟ ಹೇಳಿಕೆ. ಅಗ್ರಿಮೆಂಟಿನ ನಡುಭಾಗಕ್ಕೆ, ಓದುವವನ ಕಣ್ಣು ಎಳೆಯತೊಡಗುವ ಪುಟಕ್ಕೆ ಹೋಗಿ ನೋಡಿ. ವಕೀಲರ ಇಂಗ್ಲಿಷನ್ನು ನಮ್ಮ ಪತ್ರಬರಹಗಾರರ ಕನ್ನಡಕ್ಕೆ ಇಳಿಸಿದರೆ ಅಲ್ಲಿರುವುದು ಹೆಚ್ಚುಕಡಿಮೆ ಹೀಗೆ: ‘ಖರೀದಿದಾರರು ಸದರಿ ಸ್ವತ್ತಿನ ಹಕ್ಕುಪತ್ರ, ಭೂ ಪರಿವರ್ತನೆ ಆದೇಶ, ಮಂಜೂರಾದ ನಕ್ಷೆ ಇತ್ಯಾದಿ ಸಕಲ ದಾಖಲೆಗಳನ್ನು ಖುದ್ದು ಪರಿಶೀಲಿಸಿ, ಸ್ವತಂತ್ರ ಕಾನೂನು ಸಲಹೆ ಪಡೆದು, ಮಾರಾಟಗಾರರ ಹಕ್ಕಿನ ಬಗ್ಗೆ ಸಂಪೂರ್ಣ ತೃಪ್ತರಾಗಿರುತ್ತಾರೆ. ಮುಂದೆ ಈ ಬಗ್ಗೆ ಯಾವುದೇ ತಕರಾರು ಎತ್ತತಕ್ಕದ್ದಲ್ಲ.’

ಈ ಒಂದು ಷರತ್ತಿನ ಪ್ರಕಾರ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಭಾನುವಾರದ ಊಟಕ್ಕೂ ಮಾಲಿಗೂ ನಡುವೆ ಸಿಕ್ಕ ಬಿಡುವಿನಲ್ಲಿ ಏನೆಲ್ಲ ಮಾಡಿ ಮುಗಿಸಿದ್ದಾರೆ ಗೊತ್ತೇ? ಸರ್ವೆ ನಂಬರಿನ ಮೂಲ ಪತ್ರ ತೆಗೆಸಿ, ಅಲ್ಲಿಂದ ಇಲ್ಲಿಯವರೆಗಿನ ಪ್ರತಿ ಕ್ರಯಪತ್ರವನ್ನೂ ಓದಿದ್ದಾರೆ. ಜಮೀನು ಮಾರಿದ ರೈತನ ವಂಶವೃಕ್ಷ ಮುಂದಿಟ್ಟುಕೊಂಡು, ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ಸಹಿ ಹಾಕಿದ್ದಾರೆಯೇ ಎಂದು ಎಣಿಸಿದ್ದಾರೆ. ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಲ್ಲ, 1978ರ ಪಿಟಿಸಿಎಲ್ ಕಾಯ್ದೆ ಹಿಡಿದು ನಾಳೆ ಯಾರೂ ವಾಪಸು ಕೇಳುವಂತಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಾರೆ. ಪಹಣಿಯಲ್ಲಿ ‘ಬಿ ಖರಾಬು’ ಎಂದು ಬರೆದಿರುವ ಸರ್ಕಾರದ ಗುಂಟೆಗಳು ಕ್ಲಬ್ ಹೌಸಿನ ಈಜುಕೊಳದ ಕೆಳಗೆ ಸೇರಿಕೊಂಡಿಲ್ಲ ಎಂದು ಟೇಪು ಹಿಡಿದು ಅಳೆದಿದ್ದಾರೆ. ಕೆರೆಯಂಚಿನಿಂದ 75 ಮೀಟರ್ ಬಿಡಿ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿ ಮಾಸ್ಟರ್ ಪ್ಲಾನಿನ 30 ಮೀಟರಿಗೇ ಮರಳಿಸಿದ್ದು, ಎರಡೂ ಅವರಿಗೆ ಕಂಠಪಾಠ. ಇಷ್ಟೆಲ್ಲ ಮುಗಿಸಿ, ಸ್ವತಂತ್ರ ವಕೀಲರ ಕಚೇರಿಗೂ ಹೋಗಿಬಂದು, ಸಂಪೂರ್ಣ ತೃಪ್ತರಾಗಿ, ನಾಲ್ಕು ಗಂಟೆಗೆ ಸಹಿ ಹಾಕಿದ್ದಾರೆ.

ಅವರು ನಿಜವಾಗಿ ಪರಿಶೀಲಿಸಿದ್ದು ಬಚ್ಚಲುಮನೆಯ ನಲ್ಲಿ ಯಾವ ಕಂಪನಿಯದು ಎಂಬುದನ್ನು. ಅದೂ ಮಾದರಿ ಫ್ಲ್ಯಾಟಿನಲ್ಲಿ. ಈ ಮಾದರಿ ಫ್ಲ್ಯಾಟು ಒಂದು ಕಲಾಕೃತಿ. ಅಲ್ಲಿನ ಮಂಚ ಅಂಗಡಿಯಲ್ಲಿ ಸಿಗುವ ಮಂಚಕ್ಕಿಂತ ಗೇಣು ಕಮ್ಮಿ. ಆದ್ದರಿಂದ ಕೋಣೆ ಗೇಣು ದೊಡ್ಡದು. ಕೋಣೆಗಳಿಗೆ ಬಾಗಿಲಿರುವುದಿಲ್ಲ, ಬಾಗಿಲಿದ್ದರೆ ಅದು ತೆರೆಯಲು ಜಾಗ ಬೇಕಲ್ಲ. ಗೋಡೆಗೆ ಆಳೆತ್ತರದ ಕನ್ನಡಿ; ಇಬ್ಬರು ನಿಂತರೆ ನಾಲ್ವರು ಹಿಡಿಸಿದಂತೆ. ಬ್ರೋಷರಿನ ಪ್ರತಿ ಚಿತ್ರದ ಕೆಳಗೂ ಸಾಸಿವೆ ಗಾತ್ರದ ಅಕ್ಷರದಲ್ಲಿ ‘ಕಲಾವಿದನ ಕಲ್ಪನೆ’ ಎಂಬ ಪ್ರಾಮಾಣಿಕ ತಪ್ಪೊಪ್ಪಿಗೆ ಇರುತ್ತದೆ. ತುದಿ ಮುರಿದು ನೋಡದೆ ಕಾಲು ಕೆಜಿ ಬೆಂಡೆಕಾಯಿ ಕೊಳ್ಳದ ಜನ, ತೊಂಬತ್ತು ಲಕ್ಷದ ಕಲ್ಪನೆಯನ್ನು ಮುಟ್ಟಿಯೂ ನೋಡದೆ ಕೊಂಡು ಬರುತ್ತಾರೆ.

ಬೇರೆ ದೇಶಗಳಲ್ಲೂ ನಕ್ಷೆ ತೋರಿಸಿ ಮನೆ ಮಾರುತ್ತಾರೆ. ಆದರೆ ಅವರಿಗೆ ನಮ್ಮಷ್ಟು ಚುರುಕು ಸಾಲದು. ನ್ಯೂಜಿಲೆಂಡಿನ ಕರಾರುಗಳಲ್ಲಿ ‘ಡ್ಯೂ ಡಿಲಿಜೆನ್ಸ್’ ಷರತ್ತು ಎಂದರೆ, ಕೊಳ್ಳುವವನು ಇಂತಿಷ್ಟು ಕೆಲಸದ ದಿನಗಳೊಳಗೆ ವಿಚಾರಿಸಿ ನೋಡಬಹುದು, ತೃಪ್ತಿಯಾಗದಿದ್ದರೆ ಕರಾರಿನಿಂದ ಹೊರಗೆ ನಡೆಯಬಹುದು ಎಂದರ್ಥ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ 2019ರ ಡಿಸೆಂಬರಿನಿಂದ, ಹೀಗೆ ನಕ್ಷೆ ನೋಡಿ ಮನೆ ಕೊಂಡವರಿಗೆ ಮನಸ್ಸು ಬದಲಿಸಲು 10 ಕೆಲಸದ ದಿನ ಉಂಟು. ಪಾಪ, ವಿಚಾರಿಸುವುದಕ್ಕೆ ದಿನಗಟ್ಟಲೆ ಬೇಕು ಅವರಿಗೆ. ನಮ್ಮಲ್ಲಿ ವಿಚಾರಿಸಲು ಕಾಲಾವಕಾಶ ಕೊಡುವ ಷರತ್ತಿಲ್ಲ, ವಿಚಾರಿಸಿ ಆಯಿತು ಎಂದು ಪ್ರಮಾಣಪತ್ರ ಬರೆಸಿಕೊಳ್ಳುವ ಷರತ್ತಿದೆ. ಪರೀಕ್ಷೆ ಇಲ್ಲ, ಪಾಸಾಗಿದ್ದೇನೆ ಎಂದು ಬರೆದುಕೊಟ್ಟರೆ ಸಾಕು.

ಈ ವ್ಯವಸ್ಥೆಗೆ ಒಗ್ಗದವರೂ ಇದ್ದಾರೆ. ಪರಿಚಯದ ನಿವೃತ್ತ ಶಿರಸ್ತೇದಾರರೊಬ್ಬರು ಮಗಳು ಅಳಿಯನ ಜೊತೆ ಅಂಥದೊಂದು ಸೇಲ್ಸ್ ಆಫೀಸಿಗೆ ಹೊರಟಾಗ ನಾನೂ ಹೋಗಿದ್ದೆ. ಎಸಿ ತಣ್ಣಗೆ, ಎಳನೀರು ಗಾಜಿನ ಲೋಟದಲ್ಲಿ, ನಡುವೆ ಗಾಜಿನ ಪೆಟ್ಟಿಗೆಯೊಳಗೆ ಬೊಂಬೆ ಅಪಾರ್ಟ್‌ಮೆಂಟು. ಶಿರಸ್ತೇದಾರರು ಕನ್ನಡಕ ಏರಿಸಿ ಬೊಂಬೆ ನೋಡಿದರು.

‘ಮೂಲದಲ್ಲಿ ಇದು ಯಾರ ಹಿಡುವಳಿ?’

‘ಅಂಕಲ್, ಇದು ಲೇಕ್ ವ್ಯೂ ಪ್ರಾಜೆಕ್ಟ್,’ ಎಂದ ಟೈ ಕಟ್ಟಿದ ಹುಡುಗ.

‘ಕೆರೆ ಕಾಣುತ್ತೆ, ಸರಿ. ಕೆರೆಯಿಂದ ಎಷ್ಟು ಮೀಟರು?’

‘ವಾಕಬಲ್ ಅಂಕಲ್.’

‘ರಾಜಕಾಲುವೆ ಯಾವ ಕಡೆ ಹೋಗುತ್ತೆ?’

ಹುಡುಗ ಬೊಂಬೆಯ ಮೇಲೆ ನೀಲಿ ಬಣ್ಣದ ಗೆರೆಯೊಂದನ್ನು ತೋರಿಸಿದ. ‘ಅದು ವಾಟರ್ ಫೀಚರ್ ಅಂಕಲ್. ಪಕ್ಕದಲ್ಲೇ ಜಾಗಿಂಗ್ ಟ್ರ್ಯಾಕ್ ಬರುತ್ತೆ.’

ಮಗಳು ಮೆಲ್ಲಗೆ, ‘ಅಪ್ಪಾ, ಸುಮ್ನಿರಿ. ಇದು ತಾಲ್ಲೂಕು ಆಫೀಸಲ್ಲ,’ ಎಂದಳು. ಅಳಿಯ ಸಮಾಧಾನ ಮಾಡಿದ: ‘ಮಾವ, ಬ್ಯಾಂಕಿನವರೇ ಅಪ್ರೂವ್ ಮಾಡಿದ್ದಾರೆ. ಅವರು ನೋಡಿರಲ್ವಾ?’

‘ನೋಡಿರ್ತಾರೆ ಅಳಿಯಂದ್ರೇ. ಮೊದಲು ನಿಮ್ಮ ಸಂಬಳ ನೋಡಿರ್ತಾರೆ.’

ಹುಡುಗ ಗಡಿಯಾರ ನೋಡಿಕೊಂಡ. ‘ಸರ್, ಈ ರೇಟು ಇವತ್ತು ಸಂಜೆ ಆರರವರೆಗೆ ಮಾತ್ರ.’

ಶಿರಸ್ತೇದಾರರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಬ್ಯಾಂಕಿನ ವಕೀಲರು ಕೊಡುವ ಅಭಿಪ್ರಾಯ ಬ್ಯಾಂಕಿನ ಹಣ ಕಾಯಲು. ಅದರ ಫೀಸು ಮಾತ್ರ ನಿಮ್ಮದು. ಪ್ರತಿ ಕೇಳಿದರೆ, ಅದು ಒಳಗಿನ ಕಾಗದ ಸರ್ ಎನ್ನುತ್ತಾರೆ. ಕಟ್ಟಡ ಐದನೇ ಮಹಡಿಗೆ ನಿಂತರೆ ಬಿಲ್ಡರ್ ನಿಲ್ಲುತ್ತಾನೆ, ಕ್ರೇನು ನಿಲ್ಲುತ್ತದೆ, ನಿಮ್ಮ ಇಎಂಐ ಮಾತ್ರ ನಿಲ್ಲುವುದಿಲ್ಲ. ಬ್ಯಾಂಕಿನ ತೃಪ್ತಿಗೆ ಧಕ್ಕೆಯಾಗದಿರಲು ನಿಮ್ಮ ಸಂಬಳದ ಖಾತೆಯೇ ಕಾವಲು.

ಕಾನೂನು ಏನು ಮಾಡುತ್ತಿದೆ ಎಂದು ಕೇಳಬಹುದು. ಕಾನೂನು ಚೆನ್ನಾಗಿಯೇ ಇದೆ. ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಕಡಿವಾಣ ಹಾಕುವ 2016ರ ರೇರಾ ಕಾಯ್ದೆ 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಜಾಗ 500 ಚದರ ಮೀಟರಿಗಿಂತಲೂ ಮನೆಗಳು ಎಂಟಕ್ಕಿಂತಲೂ ಹೆಚ್ಚಿದ್ದರೆ, ನೋಂದಣಿಗೆ ಮೊದಲು ಜಾಹೀರಾತು, ಬುಕಿಂಗ್, ಮಾರಾಟ ಏನನ್ನೂ ಮಾಡುವಂತಿಲ್ಲ. ಕೊಳ್ಳಲು ಬನ್ನಿ ಎಂದು ಕರೆಯುವಂತೆಯೂ ಇಲ್ಲ. ಅದಕ್ಕೇ ನಮ್ಮವರು ಕರೆಯುವುದಿಲ್ಲ. ‘ಪ್ರೀ ಲಾಂಚ್’ ಎಂದು ಪಿಸುಗುಡುತ್ತಾರೆ. ಹಣವನ್ನು ‘ಬುಕಿಂಗ್’ ಎಂದು ಪಡೆಯುವುದಿಲ್ಲ, ‘ಇಒಐ’ ಎನ್ನುತ್ತಾರೆ. ಅಂದರೆ ನೀವು ಮನೆ ಕೊಂಡಿಲ್ಲ, ಮನೆಯ ಬಗ್ಗೆ ಆಸಕ್ತಿ ತೋರಿಸಿದ್ದೀರಿ. ಆಸಕ್ತಿ ಎಷ್ಟಿದೆ ಎಂದು ಅವರು ಚೆಕ್ಕಿನಲ್ಲಿ ಅಳೆದಿದ್ದಾರೆ, ಅಷ್ಟೆ.

ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವ ಮೊದಲು ಅಗ್ರಿಮೆಂಟು ಬರೆದು ನೋಂದಾಯಿಸಬೇಕು ಎನ್ನುತ್ತದೆ ಹದಿಮೂರನೇ ಕಲಮು. ವಾಸ್ತವದಲ್ಲಿ ಇದು ತಲೆಕೆಳಗೆ. ಮೊದಲು ಹಣ ಹೋಗುತ್ತದೆ, ಆಮೇಲೆ ಅಗ್ರಿಮೆಂಟಿನ ಕರಡು ಬರುತ್ತದೆ. ಆಗ ಯಾವುದಾದರೂ ಷರತ್ತು ಸರಿಯಿಲ್ಲ ಎಂದರೆ, ‘ಕ್ಯಾನ್ಸಲ್ ಮಾಡ್ಕೊಳ್ಳಿ ಸರ್, ಇಷ್ಟು ಪರ್ಸೆಂಟು ಕಟ್ ಆಗುತ್ತೆ.’ ತೃಪ್ತರಾಗದಿರುವುದಕ್ಕೆ ಶುಲ್ಕವಿದೆ, ತೃಪ್ತರಾಗುವುದು ಉಚಿತ.

ಅಗ್ರಿಮೆಂಟಿನ ಉಳಿದ ಷರತ್ತುಗಳೂ ಇದೇ ವಂಶದವು. ವಿಸ್ತೀರ್ಣವನ್ನೇ ತೆಗೆದುಕೊಳ್ಳಿ. ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನು ಎಂದು ಬಿಡಿಸಿ ಹೇಳಿದೆ: ಗೋಡೆಗಳ ಒಳಗೆ ನೀವು ನಿಜವಾಗಿ ಓಡಾಡಬಲ್ಲ ನೆಲ. ಹೊರಗೋಡೆ, ಬಾಲ್ಕನಿ, ಪೈಪಿನ ಶಾಫ್ಟು ಅದರಲ್ಲಿಲ್ಲ. ಆದರೆ ಮಾತುಕತೆಯೆಲ್ಲ ‘ಸೂಪರ್ ಬಿಲ್ಟ್ ಅಪ್’ನಲ್ಲಿ. 1,200 ಚದರ ಅಡಿ ಎಂದು ಕೊಂಡವರು ಗೃಹಪ್ರವೇಶದ ದಿನ 850 ಚದರ ಅಡಿಯಲ್ಲಿ ಹೋಮ ಮಾಡುತ್ತಾರೆ. ಉಳಿದ 350 ಎಲ್ಲಿ ಎಂದರೆ ಲಿಫ್ಟಿನಲ್ಲಿ, ಮೆಟ್ಟಿಲಿನಲ್ಲಿ, ಲಾಬಿಯ ಸೋಫಾದ ಕೆಳಗೆ, ಸೆಕ್ಯುರಿಟಿಯವರ ಕ್ಯಾಬಿನ್ನಿನಲ್ಲಿ ಚೂರುಚೂರಾಗಿ ಹಂಚಿಹೋಗಿವೆ. ಹೋಗಿ ಕೂತುಕೊಳ್ಳಿ, ನಿಮ್ಮದೇ.

ಇನ್ನು ದಿನಾಂಕ. ಮನೆ ಕೊಡುವ ದಿನ ‘ಅಂದಾಜು’, ಅದರ ಮೇಲೆ ಆರು ತಿಂಗಳು ‘ಗ್ರೇಸ್’, ಅದರ ಮೇಲೆ ‘ನಮ್ಮ ನಿಯಂತ್ರಣಕ್ಕೆ ಮೀರಿದ ಕಾರಣ’ಗಳು. ಕಾಯ್ದೆಯಲ್ಲಿ ಈ ಪಟ್ಟಿ ಚಿಕ್ಕದು: ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇಂಥ ಪ್ರಕೃತಿ ವಿಕೋಪ. ಅಗ್ರಿಮೆಂಟಿನಲ್ಲಿ ಮರಳಿನ ಅಭಾವ, ಕೂಲಿಯವರ ಅಭಾವ, ಸಿಮೆಂಟಿನ ಬೆಲೆ, ಇಲಾಖೆಗಳ ವಿಳಂಬ ಎಲ್ಲವೂ ವಿಕೋಪವೇ. ನಕ್ಷೆ ಬದಲಾಯಿಸಲು ಅನುಮತಿಯನ್ನೂ ಅಲ್ಲೇ ಮುಂಗಡವಾಗಿ ಬರೆಸಿಕೊಂಡಿರುತ್ತಾರೆ. ಇಡೀ ಯೋಜನೆಯ ನಕ್ಷೆ ಬದಲಿಸಲು ಮೂರರಲ್ಲಿ ಎರಡು ಪಾಲು ಕೊಂಡವರ ಲಿಖಿತ ಒಪ್ಪಿಗೆ ಬೇಕೆಂದು ಹದಿನಾಲ್ಕನೇ ಕಲಮು ಹೇಳುತ್ತದಲ್ಲ ಎಂದರೆ, ಒಪ್ಪಿಗೆ ಇದೆಯಲ್ಲ ಸರ್, ನೀವೇ ಕೊಟ್ಟಿದ್ದೀರಿ, ಇಪ್ಪತ್ತೆರಡನೇ ಪುಟ. ಉದ್ಯಾನ ಇದ್ದಲ್ಲಿ ಮೂರನೇ ಟವರ್ ಎದ್ದರೆ ಅದು ನಿಮ್ಮದೇ ಇಚ್ಛೆ.

ಬಡ್ಡಿಯ ಷರತ್ತು ಎಲ್ಲಕ್ಕಿಂತ ಸೊಗಸು. ನೀವು ಹತ್ತು ಲಕ್ಷದ ಕಂತು ತಡ ಮಾಡಿದರೆ ಶೇ. 18 ಬಡ್ಡಿ, ತಿಂಗಳಿಗೆ 15,000 ರೂಪಾಯಿ. ಬಿಲ್ಡರ್ ಇಡೀ ಮನೆಯನ್ನೇ ತಡ ಮಾಡಿದರೆ ಚದರ ಅಡಿಗೆ ತಿಂಗಳಿಗೆ 5 ರೂಪಾಯಿ, 1,200 ಅಡಿಗೆ 6,000. ಮನೆ ಬರುವವರೆಗೆ ನೀವಿರುವ ಬಾಡಿಗೆ ಮನೆಯ ಮಾಲೀಕ ಈ ಲೆಕ್ಕಕ್ಕೆ ಒಪ್ಪುವುದಿಲ್ಲ ಎಂಬುದು ಅವನ ಸಣ್ಣತನ. ಈ 5 ರೂಪಾಯಿ ನನ್ನ ಕುಚೋದ್ಯವಲ್ಲ. ನಮ್ಮ ಬೇಗೂರು ಕಡೆಯ ಯೋಜನೆಯೊಂದರ ಅಗ್ರಿಮೆಂಟಿನಲ್ಲಿದ್ದ ದರ ಅದು. ಮೂರು ವರ್ಷದಲ್ಲಿ ಸಿಗಬೇಕಿದ್ದ ಮನೆಗಳು ಇನ್ನೂ ಎರಡರಿಂದ ನಾಲ್ಕು ವರ್ಷ ತಡವಾದವು. 339 ಮಂದಿ ಕೊಂಡವರ ಅಹವಾಲು ಸುಪ್ರೀಂ ಕೋರ್ಟಿಗೆ ಹೋಯಿತು. ಒಪ್ಪಿ ಸಹಿ ಹಾಕಿದ್ದೀರಲ್ಲ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಆ 5 ರೂಪಾಯಿಯ ಜೊತೆಗೆ ವರ್ಷಕ್ಕೆ ಶೇ. 6ರಂತೆ ಪರಿಹಾರ ಕೊಡಿ ಎಂದು 2020ರ ಆಗಸ್ಟ್ 24ರಂದು ಹೇಳಿತು. ಅದಕ್ಕೂ ಹಿಂದಿನ ವರ್ಷ, ಗುರುಗ್ರಾಮದ ಪಯನಿಯರ್ ಪ್ರಕರಣದಲ್ಲಿ, ಕೊಳ್ಳುವವನಿಗೆ ಶೇ. 18, ಕಟ್ಟುವವನಿಗೆ ಶೇ. 9 ಎಂಬ ತಕ್ಕಡಿಯನ್ನು ಅದೇ ಕೋರ್ಟು ಅನ್ಯಾಯದ ವ್ಯಾಪಾರ ಪದ್ಧತಿ ಎಂದು ಕರೆದಿತ್ತು; ಸಹಿ ಹಾಕದೆ ಬೇರೆ ದಾರಿಯಿಲ್ಲದವರನ್ನು ಇಂಥ ಏಕಪಕ್ಷೀಯ ಷರತ್ತು ಕಟ್ಟಿಹಾಕದು ಎಂದಿತ್ತು. ರೇರಾ ಪ್ರಕಾರವಂತೂ ಬಡ್ಡಿ ಇಬ್ಬರಿಗೂ ಒಂದೇ. ಕರ್ನಾಟಕದ ನಿಯಮದಲ್ಲಿ ಅದು ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ ದರಕ್ಕೆ ಶೇ. 2 ಸೇರಿಸಿದಷ್ಟು.

ನಮ್ಮ ಮೂಲ ಷರತ್ತು, ಆ ‘ಸಂಪೂರ್ಣ ತೃಪ್ತಿ’, ಅದಕ್ಕೂ ಕಾಯ್ದೆಯಲ್ಲಿ ಮದ್ದಿದೆ. ಜಮೀನಿನ ಹಕ್ಕಿನಲ್ಲಿ ದೋಷವಿದ್ದು ನಿಮಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಆ ದಾವೆಗೆ ಕಾಲಮಿತಿಯೂ ಅಡ್ಡಬಾರದು ಎನ್ನುತ್ತದೆ ಹದಿನೆಂಟನೇ ಕಲಮು. ಅಂದರೆ ನೀವು ಎಷ್ಟೇ ತೃಪ್ತರಾಗಿ ಸಹಿ ಹಾಕಿದರೂ, ನಿಮ್ಮ ತೃಪ್ತಿಯನ್ನು ಪಾರ್ಲಿಮೆಂಟು ನಂಬಿಲ್ಲ.

ಹಾಗಾದರೆ ಚಿಂತೆ ಯಾಕೆ ಎನ್ನಬೇಡಿ. ಹಕ್ಕು ಪುಸ್ತಕದಲ್ಲಿದೆ, ಮನೆ ಬ್ರೋಷರಿನಲ್ಲಿದೆ, ನೀವು ಬಾಡಿಗೆ ಮನೆಯಲ್ಲಿದ್ದೀರಿ. ರೇರಾದಲ್ಲಿ ಗೆದ್ದಿರಿ ಎನ್ನೋಣ. ಹಣ ಬಡ್ಡಿ ಸಮೇತ ವಾಪಸು ಕೊಡಿ ಎಂಬ ಆದೇಶ ಕೈಗೆ ಬರುತ್ತದೆ. ಬಿಲ್ಡರ್ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿ ಎಂಬ ‘ಆರ್‌ಆರ್‌ಸಿ’ ಹೊರಡುತ್ತದೆ. ಅದು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರ ಮೇಜಿಗಿಳಿದು, ಅಲ್ಲಿ ಬರ ಪರಿಹಾರ, ಚುನಾವಣೆ, ಪೋಡಿ ಅರ್ಜಿಗಳ ಕೆಳಗೆ ಸುಖವಾಗಿ ಮಲಗುತ್ತದೆ. ಜಮೀನಿನ ಕಾಗದ ನೋಡಲು ತಾಲ್ಲೂಕು ಕಚೇರಿಗೆ ಹೋಗಲು ಬೇಸರಪಟ್ಟವರು, ಕೊನೆಗೆ ಅದೇ ಕಚೇರಿಯ ಬೆಂಚಿನ ಮೇಲೆ ಕೂತು ಕಂದಾಯ ಕಾನೂನು ಕಲಿಯುತ್ತಾರೆ. ಅಗ್ರಿಮೆಂಟಿನಲ್ಲಿ ಬರೆದಿದ್ದ ಪಾಂಡಿತ್ಯ ಆಗ ನಿಜವಾಗುತ್ತದೆ.

ಮನೆ ಸಿಕ್ಕವರ ಪಾಡೂ ಇದೆ. ‘ಫಿಟ್‌ಔಟ್ ಪೊಸೆಷನ್’ ಎಂದು ಕೀಲಿ ಕೊಡುತ್ತಾರೆ, ಓಸಿ (ಸ್ವಾಧೀನಾನುಭವ ಪತ್ರ) ‘ಪ್ರೋಸೆಸ್‌ನಲ್ಲಿ’ ಇರುತ್ತದೆ. ಹಾಲು ಉಕ್ಕಿಸಿ, ಸಿಹಿ ಹಂಚಿ ಆಗಿರುತ್ತದೆ. ಓಸಿ ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಬೆಂಗಳೂರಿನಲ್ಲಿ ಕಟ್ಟಿ ಮುಗಿದ ಎಷ್ಟೋ ಮನೆಗಳು ಮೀಟರಿಗಾಗಿ ಕಾದು ಕೂತವು. ಮೂರು ಕಡೆ ಗಾಳಿ ಬೆಳಕು ಎಂದು ಜಾಹೀರಾತಿನಲ್ಲಿದ್ದುದು ಹಗಲಿನ ಮಟ್ಟಿಗೆ ಸತ್ಯವಾಯಿತು.

ಶಿರಸ್ತೇದಾರರ ವಿಷಯಕ್ಕೆ ಬರೋಣ. ಅವರು ಅಂದು ಚೆಕ್ಕು ಬರೆಯಲು ಬಿಡಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲೇ ಮೊಮ್ಮಗಳ ಕೈಲಿ ಎಲ್ಲ ತೆಗೆಸಿದರು. ಜಾಹೀರಾತಿನ ಮೂಲೆಯಲ್ಲಿದ್ದ ‘ಪಿಆರ್‌ಎಂ/ಕೆಎ/ರೇರಾ’ ನಂಬರು ಹಾಕಿ ರೇರಾ ತಾಣದಲ್ಲಿ ಮಂಜೂರಾದ ನಕ್ಷೆ ನೋಡಿದರು. ಬೊಂಬೆಯಲ್ಲಿ ಉದ್ಯಾನವಿದ್ದಲ್ಲಿ ನಕ್ಷೆಯಲ್ಲಿ ‘ಎರಡನೇ ಹಂತ’ ಎಂದಿತ್ತು. ‘ಕಾವೇರಿ’ ತಾಣದಲ್ಲಿ ಇಸಿ (ಋಣಭಾರ ಪತ್ರ), ‘ಭೂಮಿ’ ತಾಣದಲ್ಲಿ ಪಹಣಿ. ಬಿಲ್ಡರಿನ ಕರಡನ್ನು ರಾಜ್ಯದ ರೇರಾ ನಿಯಮಗಳ ಜೊತೆಗಿರುವ ಮಾದರಿ ಅಗ್ರಿಮೆಂಟಿನ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿದರು. ಬಿಲ್ಡರಿನವರಿಗೂ ಬ್ಯಾಂಕಿನವರಿಗೂ ಸಂಬಂಧವಿಲ್ಲದ ವಕೀಲರೊಬ್ಬರಿಗೆ ಫೀಸು ಕೊಟ್ಟು ಅಭಿಪ್ರಾಯ ಬರೆಸಿದರು. ಅಳಿಯ ಫೀಸು ಕೇಳಿ ಹೌಹಾರಿದ. ‘ಆ ನಲ್ಲಿಗಿಂತ ಕಮ್ಮೀನೇ ಅಳಿಯಂದ್ರೇ,’ ಎಂದರು.

ಮುಂದಿನ ವಾರ ಮತ್ತೆ ಸೇಲ್ಸ್ ಆಫೀಸು. ಈ ಸಲ ಶಿರಸ್ತೇದಾರರು ಒಂದು ಹಾಳೆ ತಂದಿದ್ದರು. ಬಿಲ್ಡರಿನ ಕರಡಿನದೇ ಧಾಟಿ, ಖರೀದಿದಾರರ ಕಡೆಯಿಂದ.

‘ಒಂದು: ಕಂತಿನ ಮೊತ್ತ ಸೂಪರ್ ಬಿಲ್ಟ್ ಅಪ್ ರೂಪಾಯಿಗಳಲ್ಲಿರುತ್ತದೆ. ನೂರಕ್ಕೆ ಎಪ್ಪತ್ತು ರೂಪಾಯಿ ಮಾರಾಟಗಾರರ ಕೈಗೆ ಸಿಗುತ್ತದೆ. ಉಳಿದ ಮೂವತ್ತು ನಮ್ಮ ಮನೆತನದ ಮರ್ಯಾದೆಯಲ್ಲಿ ಅವರಿಗಿರುವ ಅವಿಭಜಿತ ಪಾಲು.

‘ಎರಡು: ಪಾವತಿಯ ದಿನಾಂಕ ಅಂದಾಜಿನದು. ಆರು ತಿಂಗಳು ಗ್ರೇಸ್ ಉಂಟು. ಸ್ಕೂಲ್ ಫೀಸು, ನಾದಿನಿಯ ಮದುವೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಖರೀದಿದಾರರ ನಿಯಂತ್ರಣಕ್ಕೆ ಮೀರಿದ ಕಾರಣಗಳಾಗಿರುತ್ತವೆ.

‘ಮೂರು: ಪಾವತಿ ತಡವಾದರೆ ಲಕ್ಷಕ್ಕೆ ತಿಂಗಳಿಗೆ 5 ರೂಪಾಯಿ ಪರಿಹಾರ.

‘ನಾಲ್ಕು: ಈಗ ತೋರಿಸಿದ ಚೆಕ್ಕು ಕಲಾವಿದನ ಕಲ್ಪನೆ. ಕೊಡುವ ಚೆಕ್ಕಿನ ಗಾತ್ರ, ಬಣ್ಣ, ಮೊತ್ತ ಬದಲಾಗಬಹುದು.

‘ಐದು: ಮಾರಾಟಗಾರರು ಖರೀದಿದಾರರ ಸಂಬಳದ ಚೀಟಿ, ಸಾಲಸೋಲ, ಅವರ ಕಂಪನಿಯ ಭವಿಷ್ಯ ಇತ್ಯಾದಿ ಸಕಲವನ್ನೂ ಖುದ್ದು ಪರಿಶೀಲಿಸಿ ಸಂಪೂರ್ಣ ತೃಪ್ತರಾಗಿರುತ್ತಾರೆ. ಮುಂದೆ ಈ ಬಗ್ಗೆ ಯಾವುದೇ ತಕರಾರು ಎತ್ತತಕ್ಕದ್ದಲ್ಲ.’

ಹುಡುಗ ಓದಿದ. ಒಳಗಿನಿಂದ ಮ್ಯಾನೇಜರು ಬಂದು ಓದಿದರು. ಎಳನೀರು ತರುತ್ತಿದ್ದವನನ್ನು ಕಣ್ಣಲ್ಲೇ ತಡೆದರು.

‘ಏನ್ ಸಾರ್ ಇದು? ಹಿಂಗೆ ಕೊಟ್ರೆ ತಕ್ಷಣ ಸಹಿ ಹಾಕಕ್ಕಾಗುತ್ತಾ? ನಮ್ಮ ಲೀಗಲ್ ಟೀಮು ಒಂದೊಂದು ಲೈನೂ ಓದಿ ನೋಡಬೇಕು. ಹದಿನೈದು ದಿನ ಟೈಮ್ ಕೊಡಿ.’

ಶಿರಸ್ತೇದಾರರು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

‘ಸಂಜೆ ಆರರವರೆಗೆ ಮಾತ್ರ ಕಣಪ್ಪ.’